ಅಣ್ಣನ ಕನ್ನಡಿ ಡಬ್ಬಿ

ಮಾರ್ಚ್ 3, ಸೋಮವಾರ

ಅಂಗಡಿಗೆ ಬೀಗ ಹಾಕಿ ಅಣ್ಣನ ಮನೆಗೆ ಬಂದೆ. ಬಾಗಿಲಿಗೆ ಒಂದು ರಟ್ಟು ತೂಗಿಸಿದ್ದೇನೆ: ‘ರಿಪೇರಿಯವನು ಊರಲ್ಲಿಲ್ಲ. ಅವಸರಪಟ್ಟು ಬೇರೆಯವರ ಕೈಗೆ ಕೊಟ್ಟು ಹಾಳು ಮಾಡಿಸಿಕೊಳ್ಳಬೇಡಿ.’ ಗಡಿಯಾರ, ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ಬೀಗ, ಏನೇ ಇರಲಿ, ನನ್ನ ಕೈಗೆ ಬಂದು ಸರಿಹೋಗದ ವಸ್ತು ಇನ್ನೂ ಹುಟ್ಟಿಲ್ಲ. ಓದಿದ್ದು ಹಳ್ಳಿ ಶಾಲೆಯ ಏಳನೇ ತರಗತಿ. ತರಗತಿಗೆ ನಾನೇ ಮೊದಲನೆಯವನು. ತರಗತಿಯಲ್ಲಿ ಇದ್ದದ್ದೇ ನಾಲ್ಕು ಜನ ಎಂಬುದನ್ನು ಯಾರಿಗೂ ಹೇಳುವುದಿಲ್ಲ, ಇಲ್ಲಿ ಮಾತ್ರ ಬರೆಯುತ್ತೇನೆ.

ಅತ್ತಿಗೆ ಬಾಗಿಲು ತೆಗೆದವರೇ, “ಬಂದ್ಯಾ ಮಹಾರಾಯ? ಇನ್ನು ಮನೇಲಿ ಸರಿಯಾಗಿರೋದನ್ನೆಲ್ಲ ಬಚ್ಚಿಡಬೇಕು” ಎಂದರು. ನಗುತ್ತಲೇ ಹೇಳಿದರು. ಕಣ್ಣು ಊದಿತ್ತು.

ಅಣ್ಣ ಅರ್ಧ ಆಗಿದ್ದಾನೆ. ಡಾಕ್ಟರು ಅವನ ಶ್ವಾಸಕೋಶದ ಎಕ್ಸ್‌ರೇ ಬೆಳಕಿಗೆ ಹಿಡಿದು, ಎರಡು ತಿಂಗಳು ಅಂದುಕೊಳ್ಳಿ ಎಂದರಂತೆ. ನಲವತ್ತು ವರ್ಷ ಪತ್ರಿಕೆಗೆ ಫೋಟೊ ತೆಗೆದವನು, “ಫಿಲ್ಮು ಚೆನ್ನಾಗಿ ತೊಳೆದಿದ್ದಾರೆ” ಎಂದನಂತೆ. ಮೈ ಇಳಿದಿದೆ, ಕೊಬ್ಬು ಇಳಿದಿಲ್ಲ.

ಮಾರ್ಚ್ 5, ಬುಧವಾರ

ಅಣ್ಣ ದಿನವಿಡೀ ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಮನೆ ಮೂರನೇ ಮಹಡಿ. ಎದುರಿನ ಚಾವಣಿಗಳ ಆಚೆ ಹೊಸ ಆಸ್ಪತ್ರೆ ಏಳುತ್ತಿದೆ. ಅದರ ಮೇಲೆ ಹಳದಿ ಬಣ್ಣದ ಕ್ರೇನು. ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಕೂತು ಅದನ್ನು ನಡೆಸುವವಳು ಅಣ್ಣನ ಒಬ್ಬಳೇ ಮಗಳು. ಉದ್ದ ಕಾಲಿನವಳು, ಚಿಕ್ಕಂದಿನಿಂದ ನಾನು ಕೊಕ್ಕರೆ ಎಂದೇ ಕರೆಯುವುದು. ನಾಲ್ಕು ವರ್ಷದ ಹಿಂದೆ, ಅಣ್ಣ ತನ್ನ ಪತ್ರಿಕೆಯ ಕಚೇರಿಯಲ್ಲಿ ಹೇಳಿ ಕೊಡಿಸಿದ್ದ ಕೆಲಸ ಬಿಟ್ಟು ಕ್ರೇನು ಹತ್ತಿದಳು. “ಹತ್ತು. ನನ್ನ ಮುಂದೆ ಅದರ ಮಾತೆತ್ತಬೇಡ” ಎಂದಿದ್ದ. ಅವಳೂ ಅವನ ಮಗಳೇ ತಾನೆ, ಎತ್ತಲಿಲ್ಲ. ಅಂದಿನಿಂದ ಒಂದೇ ಮನೆಯಲ್ಲಿ ಮಾತ್ರೆ ತಗೊಂಡ್ರಾ, ಬಾಗಿಲು ಹಾಕಿದ್ಯಾ, ಇಷ್ಟೇ ಮಾತು. ಅಪ್ಪನಿಗೆ ತನ್ನ ಕೆಲಸ ನಾಚಿಕೆ ಎಂದು ಅವಳು ತಿಳಿದುಕೊಂಡಿದ್ದಾಳೆ.

ಮಧ್ಯಾಹ್ನ ಅತ್ತಿಗೆ ಮಲಗಿದ್ದಾಗ ಅಣ್ಣ ಮಂಚದ ಕೆಳಗಿನ ಪೆಟ್ಟಿಗೆ ಎಳೆಸಿದ. ಅವನ ಹಳೆಯ ಜಪಾನಿ ಕ್ಯಾಮೆರಾ, ಮೊಳದುದ್ದದ ಲೆನ್ಸು, ಒಂದು ಕಪ್ಪು ಡಬ್ಬಿ. ಆ ಕ್ಯಾಮೆರಾದಲ್ಲಿ ಲೆನ್ಸಿನ ಮೂಲಕ ನೋಡಲು ಬರುವುದಿಲ್ಲ. ಪಕ್ಕದಲ್ಲೊಂದು ಪುಟ್ಟ ಕಿಂಡಿ, ಅದರಲ್ಲಿ ಇಣುಕಬೇಕು. ಹತ್ತಿರದ್ದಕ್ಕೆ ಸರಿ. ಉದ್ದ ಲೆನ್ಸು ಹಾಕಿ ದೂರದ್ದನ್ನು ಹಿಡಿಯಬೇಕಾದರೆ ಕಿಂಡಿ ದಂಡ. ಅದಕ್ಕೇ ಈ ಡಬ್ಬಿ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುತ್ತದೆ. ಒಳಗೆ ಓರೆಯಾಗಿ ಒಂದು ಕನ್ನಡಿ. ಲೆನ್ಸು ಕಂಡದ್ದನ್ನು ಅದು ಮೇಲಿನ ಮಸುಕು ಗಾಜಿಗೆ ಎತ್ತಿ ತೋರಿಸುತ್ತದೆ. ಡಬ್ಬಿಗೊಂದು ಕ್ಯಾಮೆರಾಕ್ಕೊಂದು ಹೋಗುವ ಜೋಡಿ ತಂತಿಯ ಗುಂಡಿ ಒತ್ತಿದರೆ ಮೊದಲು ಕನ್ನಡಿ ಏಳುತ್ತದೆ, ಆಮೇಲೆ ಫಿಲ್ಮಿಗೆ ಬೆಳಕು. ಕನ್ನಡಿ ಮೇಲೆಲ್ಲ ಬೂಷ್ಟು ಹಿಡಿದಿತ್ತು.

“ಇದನ್ನ ಸರಿ ಮಾಡ್ತೀಯೇನೋ?”

“ಸರಿ ಮಾಡ್ತೀಯಾ ಅಂತ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ? ಯಾರನ್ನ ಕೇಳ್ತಿದೀಯ?”

“ಬಾಯಿ ಮುಚ್ಚು, ಕೇಳು. ಅವಳದೊಂದು ಫೋಟೊ ತೆಗೀಬೇಕು. ಮೇಲೆ ಕೂತಿರೋದು. ತೆಗೆದು ಅವಳ ಕೈಗೆ ಕೊಡ್ತೀನಿ. ನಂಗೆ ಬಾಯಲ್ಲಿ ಹೇಳೋಕೆ ಬರಲ್ಲ ಕಣೋ.” ಉಸಿರು ಹಿಡಿದು ಮತ್ತೆ ಹೇಳಿದ, “ಈಗಲೇ ಅವಳಿಗೆ ಊದಿದ್ರೆ ನಾಲಿಗೆ ಸೀಳ್ತೀನಿ.”

ಮಾರ್ಚ್ 6, ಗುರುವಾರ

ಒಂದು ಸಣ್ಣ ತೊಂದರೆ. ತೊಂದರೆ ಎನ್ನುವಂಥದ್ದೇನಲ್ಲ.

ಕನ್ನಡಿಗೆ ಹಲ್ಲುಪುಡಿ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದೆ. ಬೂಷ್ಟು ಹೋಯಿತು. ಜೊತೆಗೆ ಬೆಳ್ಳಿಯೂ ಹೋಯಿತು. ಈ ಕನ್ನಡಿಗೆ ಲೇಪ ಹಿಂದೆ ಇಲ್ಲ, ಮುಂದೆ ಇದೆ! ಮುಖಕ್ಕೆ ಬಳಿದ ಬಣ್ಣದ ಹಾಗೆ. ಯಾವ ಪುಣ್ಯಾತ್ಮ ಹಾಗೆ ಮಾಡಿದನೋ. ಈ ಕಡೆಯಿಂದ ನೋಡಿದರೆ ಆ ಕಡೆ ಕಾಣುವ ಬರೀ ಗಾಜು ಉಳಿಯಿತು.

ನಾನು ಹೆದರುವ ಆಸಾಮಿಯೇ? ಮುಖ ಕ್ಷೌರದ ನನ್ನ ಕನ್ನಡಿಯನ್ನೇ ಬಲಿ ಕೊಟ್ಟೆ. ವಜ್ರದ ಮೊನೆಯಲ್ಲಿ ಗೀರಿ, ಅಳತೆಗೆ ಕತ್ತರಿಸಿ, ಅಂಚು ಉಜ್ಜಿ ಕೂರಿಸಿದೆ. ಒಂದು ಕೂದಲೆಳೆ ಆಚೀಚೆ ಇಲ್ಲ. ಜಪಾನಿನವರು ಬಂದು ನೋಡಿದರೂ ತಲೆಬಾಗಬೇಕು. ಅಣ್ಣನಿಗೆ ಏನೂ ಹೇಳಲಿಲ್ಲ. ಕೆಲಸ ಆದಮೇಲೆ ಕತೆ ಯಾಕೆ? ನಾಳೆಯಿಂದ ಅಂದಾಜಿನಲ್ಲೇ ಕ್ಷೌರ.

ಮಾರ್ಚ್ 8, ಶನಿವಾರ

ಗಾಜಿನಲ್ಲಿ ಕ್ರೇನು ಬಂತು! ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಎಲ್ಲ ಜೋಡಿಸಿ, ಅಣ್ಣ ತಲೆ ಬಗ್ಗಿಸಿ ಮಸುಕು ಗಾಜಿನೊಳಗೆ ನೋಡಿದ. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ನಾನು ನೂಕಿ ಇಣುಕಿದೆ. ಅಂಗೈ ಅಗಲದ ಗಾಜಿನಲ್ಲಿ ನಮ್ಮ ಕೊಕ್ಕರೆ! ಬಿಳಿ ಟೋಪಿ, ಮೊಣಕೈ, ಮುಂದಿನ ಹಿಡಿಕೆಯ ಮೇಲೆ ಕೈ. ಎಡ ಬಲ ಮಾತ್ರ ಅದಲುಬದಲು: ಕ್ರೇನು ಆ ಕಡೆ ತಿರುಗಿದರೆ ಗಾಜಿನಲ್ಲಿ ಈ ಕಡೆ ಬರುತ್ತದೆ. ಅದು ಈ ಡಬ್ಬಿಯ ಗುಣವಂತೆ, ನನ್ನ ತಪ್ಪಲ್ಲ.

“ಅಂಚೆಲ್ಲ ಒಂಚೂರು ಎರಡೆರಡು ಕಾಣ್ತಿದೆ ಕಣೋ. ನೆರಳು ಬಿದ್ದ ಹಾಗೆ. ಮೊದಲು ಹೀಗಿರಲಿಲ್ಲ” ಎಂದ ಅಣ್ಣ.

“ಮೊದಲು ನಿನ್ನ ಕಣ್ಣೂ ಹೀಗಿರಲಿಲ್ಲ. ವಯಸ್ಸೆಷ್ಟು ಈಗ? ಡಬ್ಬಿಗೆ ಯಾಕೆ ದೂರು ಹೇಳ್ತೀಯ?”

ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. “ಇರಬಹುದು” ಎಂದ.

ಅಣ್ಣ ನನ್ನ ಮಾತಿಗೆ ‘ಇರಬಹುದು’ ಎಂದದ್ದು ನನ್ನ ಅರವತ್ತೆರಡು ವರ್ಷದಲ್ಲಿ ಇದೇ ಮೊದಲು. ಗುರುತು ಹಾಕಿಟ್ಟಿದ್ದೇನೆ.

ಮಾರ್ಚ್ 14, ಶುಕ್ರವಾರ

ಒಂದೇ ಒಂದು ಫಿಲ್ಮ್ ಸುರುಳಿ, ಮೂವತ್ತಾರು ಚಿತ್ರ. ಅಣ್ಣ ದಿನಕ್ಕೆ ಎರಡೋ ಮೂರೋ ತೆಗೆಯುತ್ತಾನೆ. ಉಳಿದ ಹೊತ್ತೆಲ್ಲ ನೋಡುವುದು. ಅವಳು ಎಷ್ಟು ಗಂಟೆಗೆ ನೀರು ಕುಡಿಯುತ್ತಾಳೆ, ಯಾವಾಗ ಕುತ್ತಿಗೆ ಹಿಂದಕ್ಕೆ ಚೆಲ್ಲಿ ತಿರುಗಿಸುತ್ತಾಳೆ, ಎಲ್ಲ ಬಾಯಿಪಾಠ. “ಗಾಳಿ ಬಂದಾಗ ನೋಡು, ಭಾರ ತೂಗಾಡೋಕೆ ಬಿಡಲ್ಲ. ನಿಂತು ಕಾಯ್ತಾಳೆ. ಯಾರು ಕಲಿಸಿದ್ರು ಇವಳಿಗೆ?” ಎನ್ನುತ್ತಾನೆ. “ಚಿಕ್ಕಪ್ಪನ ರಕ್ತ” ಎಂದರೆ ಕೋಲು ಹುಡುಕುತ್ತಾನೆ.

ಸಂಜೆ ಅವಳು ಮೆಟ್ಟಿಲು ಹತ್ತುವ ಸದ್ದು ಬರುವಷ್ಟರಲ್ಲಿ ನಾನು ಎಲ್ಲವನ್ನೂ ಬೀರುವಿಗೆ ಸೇರಿಸಿರುತ್ತೇನೆ. ಇವತ್ತು ಅಡುಗೆಮನೆಯಲ್ಲಿ ಹಿಡಿದು ಕೇಳಿದಳು.

“ಚಿಕ್ಕಪ್ಪ, ಅಪ್ಪ ದಿನಾ ಕಿಟಕಿ ಹತ್ರ ಕೂತು ಏನ್ ನೋಡ್ತಾರೆ?”

“ಪಾರಿವಾಳ.”

“ಪಾರಿವಾಳ ಕಂಡ್ರೆ ಅವರಿಗೆ ಆಗಲ್ಲ.”

“ಈಗ ಆಗತ್ತೆ. ಮನುಷ್ಯ ಬದಲಾಗಬಾರದೇನು?”

ಅವಳು ಬಟ್ಟಲು ತೊಳೆಯುತ್ತಾ, “ಪಾರಿವಾಳದ ಮಟ್ಟಿಗಾದ್ರೂ ಬದಲಾದ್ರಲ್ಲ” ಎಂದಳು.

ಮಾರ್ಚ್ 22, ಶನಿವಾರ

ಮೂವತ್ತಾರನೆಯದು ಇವತ್ತು ಆಯಿತು. ಆಗುತ್ತಲೇ ಅಣ್ಣ ಕುರ್ಚಿಯಿಂದ ಜಾರಿದ. ನಾನೇ ಎತ್ತಿ ಮಂಚಕ್ಕೆ ಹಾಕಿದೆ. ಅವನನ್ನು ಎತ್ತುವುದು ಇಷ್ಟು ಸುಲಭ ಆಗಬಾರದಿತ್ತು. ಸಂಜೆ ಬಂದ ಡಾಕ್ಟರು ಇನ್ನು ಕೂರಿಸಬೇಡಿ ಎಂದರು.

“ಫಿಲ್ಮು ತೊಳೆಸ್ಕೊಂಡು ಬಾ. ಬೇಗ” ಎಂದ.

ಮಾರ್ಚ್ 24, ಸೋಮವಾರ

ಇನ್ನೂ ಫಿಲ್ಮು ತೊಳೆಯುವವರು ಈ ಊರಿನಲ್ಲಿ ಒಬ್ಬರೇ: ಸ್ಟುಡಿಯೋದ ಮುದುಕಿ. ಬೆರಳೆಲ್ಲ ರಾಸಾಯನಿಕದ ಕಂದು. ಒಣಗಿದ ಫಿಲ್ಮನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು, ಭೂತಗನ್ನಡಿ ಹಿಡಿದು ಮೊದಲಿಂದ ಕೊನೆಯವರೆಗೆ ನೋಡಿದರು.

“ಒಂದೂ ನಾಟಿಲ್ಲ. ಮೂವತ್ತಾರೂ ಮಸುಕು.”

“ಹೇಗಾಗತ್ತೆ? ಗಾಜಿನಲ್ಲಿ ಕೊರೆದ ಹಾಗೆ ಕಾಣ್ತಿತ್ತು. ನಾನೇ ನೋಡಿದೀನಿ.”

“ಡಬ್ಬಿ ತಂದಿದೀರಾ?”

ಜೋಳಿಗೆಯಿಂದ ತೆಗೆದುಕೊಟ್ಟೆ. ಒಳಗೆ ಇಣುಕಿ, ಪೆನ್ಸಿಲಿನ ಮೊನೆಯನ್ನು ಕನ್ನಡಿಗೆ ತಾಕಿಸಿದರು. ಮೊನೆಗೂ ಅದರ ಬಿಂಬಕ್ಕೂ ನಡುವೆ ಸಂದು. “ಯಾವ ಕತ್ತೆ ಇದಕ್ಕೆ ಮುಖ ನೋಡೋ ಕನ್ನಡಿ ಹಾಕಿದ್ದು?”

“ಯಾರೋ ಮೆಕ್ಯಾನಿಕ್ಕು” ಎಂದೆ.

ಅವರು ಬಿಡಿಸಿ ಹೇಳಿದರು. ಮುಖ ನೋಡುವ ಕನ್ನಡಿಯಲ್ಲಿ ಬೆಳ್ಳಿ ಇರುವುದು ಗಾಜಿನ ಬೆನ್ನಿಗೆ. ಬೆಳಕು ಗಾಜು ದಾಟಿ ಹೋಗಿ, ತಾಗಿ, ಮತ್ತೆ ದಾಟಿ ಬರಬೇಕು. ಆ ಗಾಜಿನ ದಪ್ಪಕ್ಕೆ ದೂರದ ಲೆಕ್ಕ ತಪ್ಪುತ್ತದೆ. ಮೇಲಿನ ಗಾಜಿನಲ್ಲಿ ಸ್ಪಷ್ಟ ಕಂಡಾಗ ಫಿಲ್ಮಿನ ಮೇಲೆ ಮಸುಕು. ನೋಡುವವನಿಗೆ ಗೊತ್ತೇ ಆಗುವುದಿಲ್ಲ. ಗಾಜಿನ ಮುಖದಲ್ಲೂ ಒಂಚೂರು ಬೆಳಕು ತಾಗಿ ಮರಳುವುದರಿಂದ, ಅಂಚು ಎರಡೆರಡು ಕಾಣುವುದೊಂದೇ ಗುರುತು.

“ತೆಗೆದವರು ಅದನ್ನ ಗಮನಿಸಲಿಲ್ವೇ?” ಎಂದು ಕೇಳಿದರು.

ಗಮನಿಸಿದ್ದ ಎಂದು ಹೇಳಲಿಲ್ಲ. ಮನೆಗೆ ಬರುವಾಗ ಎರಡು ಬೀದಿ ದಾರಿ ತಪ್ಪಿದೆ.

ಮಾರ್ಚ್ 25, ಮಂಗಳವಾರ

ಅಣ್ಣನಿಗೆ ಸುಳ್ಳು ಹೇಳಿದೆ. ಚೆನ್ನಾಗಿ ಬಂದಿದೆ ಎಂದೆ. ಇನ್ನೊಂದು ಸಲ ತೆಗೆಯಲು ಅವನು ಕೂರಲಾರ. ನಿಜ ಹೇಳಿ ಏನು ಮಾಡುವುದು? ಇದು ನಾನು ಹೇಳಿಕೊಂಡ ನೆಪ. ಇನ್ನೂ ಎರಡು ಮೂರು ನೆಪ ಇವೆ.

ಅವನು ಕೈ ಚಾಚಿದ. ಫಿಲ್ಮಿನ ತುಂಡುಗಳನ್ನು ಕೊಡದೆ ವಿಧಿಯಿರಲಿಲ್ಲ. ಮಲಗಿದಲ್ಲೇ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ನಾನು ಸ್ಟ್ಯಾಂಡಿನ ತಿರುಪು ಬಿಗಿ ಮಾಡುತ್ತಾ ನಿಂತೆ. ಆ ತಿರುಪು ಸಡಿಲ ಇರಲಿಲ್ಲ.

“ಕನ್ನಡಿ ಹೊಸದು ಹಾಕಿದ್ಯಾ?”

“ಹೂಂ. ಹಳೇದು ಕೆಟ್ಟಿತ್ತು.”

“ಮ್.” ಇನ್ನೊಂದು ತುಂಡು ಎತ್ತಿದ. “ಇದು. ಇಪ್ಪತ್ತೆಂಟನೇದು. ಇದನ್ನ ಮಾಡಿಸು. ದೊಡ್ಡದು ಮಾಡಿಸಬೇಡ. ಫಿಲ್ಮ್ ಎಷ್ಟಿದೆಯೋ ಅಷ್ಟೇ.”

“ಅಷ್ಟು ಚಿಕ್ಕದಾ? ಬೆಂಕಿಪೊಟ್ಟಣಕ್ಕಿಂತ ಚಿಕ್ಕದು!”

“ಹೇಳಿದಷ್ಟು ಮಾಡು. ಚೆನ್ನಾಗಿದೆ.” ಆಮೇಲೆ ನನ್ನ ಮಣಿಕಟ್ಟು ಹಿಡಿದು, “ಕೆಲಸ ಚೆನ್ನಾಗಿ ಮಾಡಿದೀಯ” ಎಂದ.

ಸಾಯುವವನು ಕಾಗದಕ್ಕೂ ಜಿಪುಣತನ ಮಾಡುತ್ತಾನೆ. ನಂಬಿದ, ಅದೇ ನೆಮ್ಮದಿ.

ಮಾರ್ಚ್ 26, ಬುಧವಾರ

ಸ್ಟುಡಿಯೋದ ಮುದುಕಿ ಪ್ರಿಂಟು ತೆಗೆದು ಅಂಗೈಯಲ್ಲಿಟ್ಟರು. ಹೆಬ್ಬೆರಳಿನಷ್ಟು ಚಿತ್ರ. ಕ್ರೇನು, ಗೂಡು, ಬಿಳಿ ಟೋಪಿ, ಮುಂದಕ್ಕೆ ಬಾಗಿದ ಕತ್ತು. ಎಲ್ಲ ಸ್ಪಷ್ಟ! ಮಸುಕು ಮಾಯ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

“ಇಷ್ಟು ಚಿಕ್ಕದರಲ್ಲಿ ಯಾವ ತಪ್ಪೂ ಕಾಣಲ್ಲ. ದೊಡ್ಡದು ಮಾಡಿದ್ರೆ ತಾನೆ ಗೊತ್ತಾಗೋದು?” ಎಂದರು. “ಚಿಕ್ಕದೇ ಮಾಡಿ ಅಂದವರು ಕಸುಬು ಗೊತ್ತಿದ್ದವರು.”

ಕಲ್ಲು ಮತ್ತೆ ಬಂದು ಕೂತಿತು.

ಅವನಿಗೆ ಗೊತ್ತಾಗಿತ್ತು. ನಲವತ್ತು ವರ್ಷ ಫಿಲ್ಮು ನೋಡಿದವನಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾದ ಮೇಲೇ ನನ್ನ ಮಣಿಕಟ್ಟು ಹಿಡಿದದ್ದು.

ಮನೆಗೆ ಬಂದು ಹೇಳಿಬಿಡೋಣ ಎಂದು ಮಂಚದ ಹತ್ತಿರ ಕೂತೆ. ನಿದ್ದೆಯಲ್ಲಿದ್ದ. ಎದ್ದಾಗ ಅತ್ತಿಗೆ ಇದ್ದರು. ಅತ್ತಿಗೆ ಹೋದಾಗ ನಾನು ನೀರು ತರಲು ಎದ್ದುಹೋದೆ.

ಮಾರ್ಚ್ 27, ಗುರುವಾರ

ಸಂಜೆ ಅವಳು ಕೈ ತೊಳೆದು ಬಂದ ಮೇಲೆ ಅಣ್ಣ ದಿಂಬಿನ ಕೆಳಗಿಂದ ಫೋಟೊ ತೆಗೆದು ಚಾಚಿದ. ನಾನು ಅಡುಗೆಮನೆ ಬಾಗಿಲಲ್ಲಿದ್ದೆ.

“ಏನಪ್ಪಾ ಇದು?” ದೀಪದ ಹತ್ತಿರ ಹೋಗಿ ಹಿಡಿದಳು. “ಇದು... ನಾನಾ?”

“ನೀನೇ.”

“ಯಾವಾಗ ತೆಗೆದ್ರಿ?”

“ಎರಡು ವಾರ ನೋಡಿದೆ” ಎಂದ ಅಣ್ಣ. ಬೇರೆ ಏನೋ ಹೇಳಲು ಹೋದ. ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, “ಗಾಳಿಯಲ್ಲಿ ನೀನು ಅವಸರ ಮಾಡಲ್ಲ” ಎಂದ.

ಅವಳು ನೆಲದ ಮೇಲೆ ಕೂತು ಮಂಚದ ಅಂಚಿಗೆ ಹಣೆ ಆನಿಸಿದಳು. ನಾಲ್ಕು ವರ್ಷದ ಮಾತನ್ನು ಅಷ್ಟರಲ್ಲೇ ಮುಗಿಸಿದರು. ಅತ್ತಿಗೆ ನನ್ನ ಕೈಯಿಂದ ಲೋಟ ತೆಗೆದುಕೊಂಡರು. ನಾನು ಅದನ್ನು ಓರೆಯಾಗಿ ಹಿಡಿದು ನೀರೆಲ್ಲ ಚೆಲ್ಲಿದ್ದೆನಂತೆ.

ಏಪ್ರಿಲ್ 2, ಬುಧವಾರ

ಅಣ್ಣ ಹೋದ. ಬೆಳಿಗ್ಗೆ ಹತ್ತೂಕಾಲು.

ಅವಳಿಗೆ ಫೋನು ಮಾಡಿದೆವು. ಕ್ರೇನಿನಿಂದ ಇಳಿಯುವುದಕ್ಕೇ ಅರ್ಧ ಗಂಟೆ ಬೇಕು. ಕಿಟಕಿಯಿಂದ ನೋಡಿದೆ: ಏಣಿಯಲ್ಲಿ ಒಂದು ಬಿಳಿ ಚುಕ್ಕೆ, ಇಳಿಯುತ್ತಲೇ ಇತ್ತು.

ಏಪ್ರಿಲ್ 5, ಶನಿವಾರ

ಬರೆಯಲು ಏನೂ ಇಲ್ಲ. ಅತ್ತಿಗೆಯ ಕೊಳಾಯಿ ಸೋರುತ್ತಿತ್ತು, ಸರಿ ಮಾಡಿದೆ. ಎರಡು ಸಲ ಬಿಚ್ಚಿ ನೋಡಿದೆ, ಸರಿಯಾಗಿದೆಯೇ ಎಂದು.

ಏಪ್ರಿಲ್ 13, ಭಾನುವಾರ

ಹೊರಡುತ್ತೇನೆ ಎಂದೆ. ಅತ್ತಿಗೆ, “ಅಂಗಡಿ ಓಡಿಹೋಗಲ್ಲ, ಇರು” ಎಂದರು. ಇದ್ದೆ.

ಮಧ್ಯಾಹ್ನ ಕೊಕ್ಕರೆ ಆ ಫೋಟೊ ತಂದು ನನ್ನ ಮುಂದಿಟ್ಟಳು. ಕೆಲಸಕ್ಕೆ ಹೋಗುವಾಗಲೂ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದಾಳೆ, ಮೂಲೆ ಮಡಚಿದೆ.

“ಚಿಕ್ಕಪ್ಪ, ಇದನ್ನ ದೊಡ್ಡದು ಮಾಡಿಸಿಕೊಡಿ. ಅಪ್ಪನ ಕುರ್ಚಿ ಹತ್ರ ಗೋಡೆಗೆ ಹಾಕ್ತೀನಿ.”

“ಚಿಕ್ಕದೇ ಚೆಂದ. ಅವನೇ ಚಿಕ್ಕದು ಸಾಕು ಅಂದಿದ್ದ.”

“ಅಪ್ಪ ನನ್ನ ಮುಖ ಹೇಗೆ ಕಂಡಿದ್ರು ಅಂತ ನೋಡಬೇಕು. ಇದರಲ್ಲಿ ಮುಖ ಸಾಸಿವೆ ಕಾಳಿನಷ್ಟಿದೆ.”

ಆಗಲೇ ಹೇಳಬಹುದಿತ್ತು. “ಮಾಡಿಸೋಣ, ಅದೇನು ಮಹಾ” ಎಂದೆ.

ಏಪ್ರಿಲ್ 19, ಶನಿವಾರ

ತಂದುಕೊಟ್ಟೆ. ಕಿಟಕಿಯ ಪಕ್ಕ ತೂಗುಹಾಕಿದಳು. ದೂರ ನಿಂತಳು, ಹತ್ತಿರ ಬಂದಳು, ಮತ್ತೆ ದೂರ ಹೋದಳು. ಮುಖ ಇರಬೇಕಾದಲ್ಲಿ ಒಂದು ಬಿಳಿ ಮಬ್ಬು. ಕಣ್ಣು ಇಲ್ಲ, ಬಾಯಿ ಇಲ್ಲ.

“ಅಪ್ಪನ ಕಣ್ಣು ಅಷ್ಟು ಹೋಗಿತ್ತಾ?” ಎಂದಳು. “ಇಷ್ಟು ದಿನ ಕೂತು... ಪಾಪ, ಅವರಿಗೆ ನಾನು ಹೀಗೇ ಕಂಡಿದ್ದೇನೋ.”

ಅತ್ತಿಗೆ ಸೆರಗಿನಲ್ಲಿ ಮೂಗೊರೆಸಿಕೊಂಡು, “ಕೈಯೂ ನಡುಗ್ತಿತ್ತಲ್ಲ” ಎಂದರು.

ಇಬ್ಬರೂ ನನ್ನ ಕಡೆ ನೋಡಿದರು. “ಹೂಂ, ವಯಸ್ಸು” ಎಂದೆ.

ಏಪ್ರಿಲ್ 20, ಭಾನುವಾರ

ಹೇಳಿದೆ.

ಅವಳು ಕುರ್ಚಿಯಲ್ಲಿ ಕೂತು ಆ ಮಬ್ಬನ್ನೇ ನೋಡುತ್ತಿದ್ದಳು. ನಾನು ಡಬ್ಬಿ ತಂದು ಅವಳ ತೊಡೆಯ ಮೇಲಿಟ್ಟೆ. ಹಲ್ಲುಪುಡಿಯಿಂದ ಶುರು ಮಾಡಿದೆ. ಕ್ಷೌರದ ಕನ್ನಡಿ, ಎರಡು ಮಿಲಿಮೀಟರ್ ದಪ್ಪದ ಗಾಜು, ಬೆನ್ನಿಗಿರುವ ಬೆಳ್ಳಿ, ಸ್ಟುಡಿಯೋದಲ್ಲಿ ‘ಯಾರೋ ಮೆಕ್ಯಾನಿಕ್ಕು’ ಎಂದದ್ದು. ಅಂಚು ಎರಡೆರಡು ಕಾಣುತ್ತಿದೆ ಎಂದು ಅವನು ಹೇಳಿದಾಗ ನಿನ್ನ ಕಣ್ಣೇ ಕೆಟ್ಟಿದೆ ಎಂದು ನಾನು ನಗೆಯಾಡಿದ್ದು.

“ಅವನ ಕಣ್ಣು ಸರಿಯಾಗೇ ಇತ್ತು ಮಗಾ. ಕೈ ನಡುಗಲಿಲ್ಲ. ಅವನು ನಿನ್ನನ್ನ ಚೆನ್ನಾಗಿ ಕಂಡಿದಾನೆ. ಆ ಗಾಜಿನಲ್ಲಿ ನಿನ್ನ ಟೋಪಿಯ ಪಟ್ಟಿ ಸಹ ಕಾಣ್ತಿತ್ತು. ಫಿಲ್ಮಿಗೆ ತಲುಪದ ಹಾಗೆ ಮಾಡಿದ್ದು ನಾನು.”

“ಅಪ್ಪನಿಗೆ ಗೊತ್ತಾಯ್ತಾ?”

“ಫಿಲ್ಮು ನೋಡಿದ ಕೂಡಲೇ. ನನಗೆ ಒಂದು ಮಾತೂ ಅನ್ನಲಿಲ್ಲ.”

ಡಬ್ಬಿಯನ್ನು ತಿರುಗಿಸಿ ಒಳಗಿನ ಕನ್ನಡಿ ನೋಡಿದಳು. ಆಮೇಲೆ ಕೇಳಿದಳು, “ನಿನ್ನೆ ಯಾಕೆ ಹೂಂ ಅಂದ್ರಿ?”

ಸರಿಯಾದ ಕನ್ನಡಿ ಹುಡುಕಿ ಹಾಕುತ್ತೇನೆ, ಇದೇ ಕುರ್ಚಿಯಲ್ಲಿ ಕೂತು ನಿನ್ನ ಫೋಟೊ ನಾನು ತೆಗೆದುಕೊಡುತ್ತೇನೆ, ಮುಖ ಎದ್ದು ಕಾಣುವ ಹಾಗೆ ಎಂದೆ.

“ನೀವು ತೆಗೆದದ್ದು ನಂಗ್ಯಾಕೆ ಚಿಕ್ಕಪ್ಪ?”

ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದಳು.

ಏಪ್ರಿಲ್ 24, ಗುರುವಾರ

ಮಾತಿಲ್ಲ. ನನ್ನ ಪಾಲಿನ ಕಾಫಿ ಮೇಜಿನ ಮೇಲೆ ಇರುತ್ತದೆ, ಅವಳು ಇರುವುದಿಲ್ಲ. ಫೋಟೊ ಗೋಡೆಯ ಮೇಲೇ ಇದೆ. ತೆಗೆಯುತ್ತಾಳೆ ಎಂದುಕೊಂಡಿದ್ದೆ.

ಏಪ್ರಿಲ್ 29, ಮಂಗಳವಾರ

ನಾಳೆ ಹೊರಡುವುದು.

ಸಂಜೆ ಅಣ್ಣನ ಜೊತೆ ಪತ್ರಿಕೆಯಲ್ಲಿ ಕೆಲಸ ಮಾಡಿದ್ದ ಹಳೆಯ ವರದಿಗಾರರು ಬಂದಿದ್ದರು. ಕೊಕ್ಕರೆ ಆಗಷ್ಟೇ ಕೆಲಸದಿಂದ ಬಂದು ಬಾಗಿಲ ಬಳಿ ಬೂಟು ಬಿಚ್ಚುತ್ತಿದ್ದಳು. ಅತ್ತಿಗೆ ಕಾಫಿ ಕೊಟ್ಟರು. ಅವರು ಲೋಟ ಹಿಡಿದುಕೊಂಡೇ ಗೋಡೆಯ ಹತ್ತಿರ ಹೋದರು. ಬಗ್ಗಿ ನೋಡಿ ನಾಲಿಗೆ ಲೊಚಗುಟ್ಟಿದರು.

“ಕೊನೆಗಾಲದ್ದಾ ಇದು? ಎಂಥಾ ಕೈ ಅದು! ಓಡೋ ಕುದುರೆಯ ರೆಪ್ಪೆ ಹಿಡೀತಿದ್ದ ಮನುಷ್ಯ. ಪಾಪ, ಎಲ್ಲ ಹೋಗಿಬಿಟ್ಟಿತ್ತು.”

ಅತ್ತಿಗೆ ತಲೆ ತಗ್ಗಿಸಿದರು. ಬಾಗಿಲಲ್ಲಿ ಬೂಟಿನ ಸದ್ದು ನಿಂತಿತು.

“ಏನೂ ಹೋಗಿರಲಿಲ್ಲ ಸ್ವಾಮಿ” ಎಂದೆ. “ಅವನ ಕಣ್ಣೂ ಸರಿ ಇತ್ತು, ಕೈಯೂ ಸರಿ ಇತ್ತು. ಡಬ್ಬಿಯ ಕನ್ನಡಿ ನಾನು ತಪ್ಪು ಹಾಕಿದ್ದೆ. ಮುಖ ನೋಡೋ ಕನ್ನಡಿ. ಗಾಜಿನ ದಪ್ಪ ಲೆಕ್ಕ ಕೆಡಿಸ್ತು.”

“ಅಷ್ಟಕ್ಕೇ ಇಷ್ಟು ಕೆಡತ್ತಾ? ಎಷ್ಟು ದಪ್ಪ ಇತ್ತು?”

“ಏನು ಮಹಾ, ಒಂದು ಮಿಲಿಮೀಟರ್ ಇರಬಹುದು” ಎಂದೆ.

“ಎರಡು” ಎಂದಳು ಅವಳು, ಹಿಂದಿನಿಂದ.

ಒಂಬತ್ತು ದಿನದ ಮೇಲೆ ಮೊದಲ ಮಾತು.

“ಹೌದು” ಎಂದೆ. “ಎರಡು.”